ಹಿಂದಿನ ಕಿಸೆಯ ರೊಟ್ಟವ್ವ

ಜನವರಿ ೩, ಶುಕ್ರವಾರ

ಕುರುಗೋಡು ಬರುತ್ತಿದೆ. ಊರೇ ಎದ್ದು ಬರುತ್ತಿಲ್ಲ, ನಮ್ಮ ಅತ್ತೆ ಕೊಟ್ರಮ್ಮ ಬರುತ್ತಿದ್ದಾರೆ. ನನ್ನ ಪಾಲಿಗೆ ಎರಡೂ ಒಂದೇ. ಬಲಗಣ್ಣಿನ ಪೊರೆ ಹಣ್ಣಾಗಿ ಬೆಳ್ಳಗಾಗಿದೆಯಂತೆ, ಎಡಗಣ್ಣೂ ಮಬ್ಬಂತೆ. ಬುಧವಾರ ಇಲ್ಲೇ ಬಳ್ಳಾರಿಯಲ್ಲಿ ಬಲಗಣ್ಣಿನ ಆಪರೇಷನ್. ಆಮೇಲೆ ಕಣ್ಣು ತಿಳಿಯಾಗುವವರೆಗೆ ಸತ್ಯನಾರಾಯಣಪೇಟೆಯ ನಮ್ಮ ಮನೆಯಲ್ಲೇ ವಾಸ.

"ಯವ್ವನ್ನ ನೀನ ನೋಡ್ಕೋಬೇಕು ಅರುಣಾ," ಎಂದರು ನನ್ನ ಯಜಮಾನರು. ನೋಡಿಕೊಳ್ಳಲು ನನಗೆ ಬೇಸರವಿಲ್ಲ. ಮುದುಕಿಗೆ ಕಣ್ಣು ಬರುತ್ತದಲ್ಲ, ಅದೇ ನನ್ನ ಹೆದರಿಕೆ. ಹೀಗೆ ಯಾರ ಮುಂದಾದರೂ ಹೇಳಿದರೆ ಮುಖಕ್ಕೆ ಉಗಿದಾರು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಯಜಮಾನರದು, ಅಂದರೆ ಚನ್ನಬಸವರಾಜರದು, ಮಕ್ಕಳ ಜೀನ್ಸ್ ಹೊಲಿಯುವ ಸಣ್ಣ ಯೂನಿಟ್. ಬಳ್ಳಾರಿಯಲ್ಲಿ ಕಲ್ಲು ಬೀಸಿದರೆ ಒಂದು ಜೀನ್ಸ್ ಯೂನಿಟ್ಟಿಗೆ ಬೀಳುತ್ತದೆ, ಹಾಗಾಗಿ ನಮ್ಮದರಲ್ಲಿ ಏನಾದರೂ ಬೇರೆ ಇರಲಿ ಎಂದು ನಾನು ಬಟ್ಟೆಯ ಮೇಲೆ ಹಾಕುವ ಚಿತ್ರ ಬರೆಯುತ್ತೇನೆ. ಹೋದ ವರ್ಷ ಊಟದ ವೀರರನ್ನು ಬರೆದೆ. ಮಿರ್ಚಿ ಮಾಮ: ಮೀಸೆಯ ಮೆಣಸಿನಕಾಯಿ, ಬಾಯಿಂದ ಬೆಂಕಿ ಬಿಡುತ್ತಾನೆ. ಉಗ್ಗಾಣಿ ಅಣ್ಣ: ಶತ್ರುಗಳ ಮೇಲೆ ಮಂಡಕ್ಕಿಯ ಮಳೆ ಸುರಿಸುತ್ತಾನೆ. ಮಕ್ಕಳು ಬಿದ್ದು ಬಿದ್ದು ನಕ್ಕರು.

ಮೂರನೆಯದನ್ನು ಮಕ್ಕಳಿಗಾಗಿ ಬರೆದದ್ದಲ್ಲ, ಸಿಟ್ಟಿಗೆ ಬರೆದದ್ದು. ದೀಪಾವಳಿಗೆ ಕುರುಗೋಡಿಗೆ ಹೋದಾಗ ಬೀಗರ ಮುಂದೆ ಅತ್ತೆ ನಾನು ಬಡಿದ ರೊಟ್ಟಿಯನ್ನು ಕಣ್ಣಿನ ಹತ್ತಿರ ಹಿಡಿದು, "ಸಿರುಗುಪ್ಪದಾಕಿ ಅಲ್ಲೇನು, ಅನ್ನ ತಿಂದು ಬೆಳದಾಕಿ. ರೊಟ್ಟಿ ಬಡಿ ಅಂದ್ರ ಆಂಧ್ರದ ನಕ್ಷಾ ಬಡೀತಾಳ," ಎಂದರು. ಮನೆ ತುಂಬ ನಗು. ವಾಪಸ್ ಬಂದವಳೇ ಪೆನ್ಸಿಲ್ ಹಿಡಿದೆ. ಮಿರ್ಚಿ ಬಜ್ಜಿಯಂಥ ಮೂಗು, ಅದಕ್ಕೆ ಗಾಲಿಯಷ್ಟು ದೊಡ್ಡ ಮೂಗುಬೊಟ್ಟು, ಬೆನ್ನ ಹಿಂದೆ ಹಾರುವ ಸೆರಗು, ಕೈಯಲ್ಲಿ ಗರಗರ ತಿರುಗುವ ಖಡಕ್ ರೊಟ್ಟಿ, ಕಾಲಡಿಯಲ್ಲಿ ಸೋತು ಮಲಗಿದ ಪಿಜ್ಜಾ. ಹೆಸರು ಸೂಪರ್ ರೊಟ್ಟವ್ವ.

ಹರಿದು ಹಾಕಬೇಕೆಂದಿದ್ದೆ. ಯಜಮಾನರು ಕಂಡುಬಿಟ್ಟರು. "ಏ, ಈಕಿ ಭಾರಿ ಅದಾಳಲೇ! ಎಲ್ಲೋ ನೋಡಿದಂಗ ಐತಿ," ಎಂದರು. ಹೆತ್ತ ತಾಯಿಯ ಮುಖವೇ ಗೊತ್ತಾಗಲಿಲ್ಲ! ನನಗೆ ಹೇಳಲು ಬಾಯಿ ಬರಲಿಲ್ಲ. ಜಾಕೆಟಿನ ಬೆನ್ನಿಗೆಂದು ಪ್ರಿಂಟ್ ಹಾಕಿಸಿದರು. ಆಮೇಲೆ, "ಬಳ್ಳಾರಿ ಬಿಸಿಲಾಗ ಜಾಕೆಟ್ ಯಾರ್ ಹಾಕ್ತಾರ," ಎಂದು ಪ್ಯಾಂಟಿನ ಹಿಂದಿನ ಕಿಸೆಯ ಮೇಲೂ ಹಾಕಿಸಿದರು. ಕಿಸೆಯ ಮೇಲೆ ನೋಡಿದಾಗ ನಾನು ನಕ್ಕೆ. ಚೆನ್ನಾಗಿಯೇ ನಕ್ಕೆ. ಕೂತುಕೊಳ್ಳಲಿ ಊರವರೆಲ್ಲ ಇವರ ಮೇಲೆ ಎಂದುಕೊಂಡೆ.

ಈಗ ಆ ಪ್ಯಾಂಟು ಊರ ತುಂಬ ಓಡಾಡುತ್ತಿದೆ, ಮತ್ತು ಮುದುಕಿಗೆ ಕಣ್ಣು ಬರುತ್ತಿದೆ.

ಜನವರಿ ೫, ಭಾನುವಾರ

ಬಂದರು. ನಿನ್ನೆ ಸಂಜೆ ಬಂದವರೇ ನೀರಿನ ಕೊಡ ಎಲ್ಲಿ ಇಟ್ಟಿದ್ದೇನೆಂದು ಕೈಯಿಂದ ತಡವಿ ನೋಡಿ, "ಬಾಗಲಾಗ ಇಟ್ಟೀಯಲ್ಲವಾ, ಎಡವಿ ಬೀಳಂಗ," ಎಂದರು. ಶುರುವಾಯಿತು.

ಇವತ್ತು ಬೆಳಿಗ್ಗೆ ಸ್ನಾನ ಮಾಡಿ ಪೂಜೆಗೆ ಕೂತರು. ಕೊರಳಿನ ಶಿವದಾರದಲ್ಲಿ ತೂಗುವ ಬೆಳ್ಳಿ ಕರಡಿಗೆಯನ್ನು ಬಿಚ್ಚಿ, ಒಳಗಿನ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡರು. ಕಣ್ಣು ಕಾಣದಿದ್ದರೂ ವಿಭೂತಿ ತಪ್ಪಲಿಲ್ಲ, ಪತ್ರಿ ತಪ್ಪಲಿಲ್ಲ. ನನ್ನ ಕರಡಿಗೆ ಮದುವೆಯಾದ ವರ್ಷದಿಂದ ದೇವರ ಗೂಡಿನಲ್ಲೇ ಇದೆ. ಹಬ್ಬಕ್ಕೊಮ್ಮೆ ಕೈಮುಗಿಯುತ್ತೇನೆ, ಅಷ್ಟೆ.

ಹಾಲು ಕಾಯಿಸುತ್ತ ಅತ್ತ ನೋಡಿದಾಗ ನೆನಪಾಯಿತು. ಆ ಕರಡಿಗೆಯನ್ನೂ ರೊಟ್ಟವ್ವನ ಕೊರಳಿಗೆ ಬರೆದಿದ್ದೇನೆ. ಕರಡಿಗೆ ಇಲ್ಲದ ಅವರ ಕೊರಳನ್ನು ನಾನು ಕಂಡೇ ಇಲ್ಲ, ಹಾಗಾಗಿ ಕೈ ತಾನಾಗಿ ಬರೆದುಬಿಟ್ಟಿದೆ. ವೀರರ ಎದೆಯ ಮೇಲೆ ಒಂದು ಗುರುತು ಇರುತ್ತದಲ್ಲ, ಹಾಗೆ ದುಂಡಗೆ ಬರೆದು ಸುತ್ತ ಕಿರಣ ಬೇರೆ ಬಿಟ್ಟಿದ್ದೇನೆ. ಹೊಕ್ಕುಳಿಂದ ಕೆಳಗೆ ಇಳಿಯಬಾರದ ವಸ್ತು ಅದು. ನಾನು ಅದನ್ನು ಮಕ್ಕಳ ಕುಂಡೆಯ ಮೇಲೆ ಹೊಲಿಸಿದ್ದೇನೆ.

ಯಾರೂ ಗಮನಿಸಿಲ್ಲ. ಯೂನಿಟ್ಟಿನವರು ಅದನ್ನು ಬಟನ್ ಎಂದುಕೊಂಡಿದ್ದಾರೆ. ಆದರೆ ನನಗೆ ಗೊತ್ತಲ್ಲ. ಹಾಲು ಉಕ್ಕಿ ಹೋಯಿತು. ಅದಕ್ಕೂ ಬೈಸಿಕೊಂಡೆ.

ಜನವರಿ ೮, ಬುಧವಾರ

ಆಪರೇಷನ್ ಆಯಿತು. ಪೊರೆ ಬಹಳ ಗಟ್ಟಿಯಾಗಿತ್ತಂತೆ. ನಾಳೆ ಪಟ್ಟಿ ಬಿಚ್ಚಿದರೂ ಕೆಲವು ದಿನ ಎಲ್ಲ ಮಂಜು ಮಂಜು ಕಾಣುತ್ತದೆ, ನಿಧಾನಕ್ಕೆ ತಿಳಿಯಾಗುತ್ತದೆ ಎಂದರು ಡಾಕ್ಟರು. ಕಪ್ಪು ಕನ್ನಡಕ, ಹೊತ್ತು ಹೊತ್ತಿಗೆ ಡ್ರಾಪ್ಸು, ಒಲೆಯ ಹತ್ತಿರ ಹೋಗಬಾರದು, ಬಗ್ಗಬಾರದು.

ಒಳಗೆ ಕರೆದೊಯ್ಯುವ ಮುಂಚೆ ನನ್ನ ಕೈ ಹಿಡಿದುಕೊಂಡರು. ನರ್ಸು ಬಂದು ಬಿಡಿಸುವವರೆಗೂ ಬಿಡಲಿಲ್ಲ. ಅವರಿಗೂ ಹೆದರಿಕೆಯಾಗುತ್ತದೆಂದು ನನಗೆ ಗೊತ್ತಿರಲಿಲ್ಲ.

ಜನವರಿ ೧೦, ಶುಕ್ರವಾರ

ಕುರುಗೋಡಿನಿಂದ ವಿರೂಪಮ್ಮ ಬಂದಿದ್ದರು. ಅತ್ತೆಯ ಪಕ್ಕದ ಮನೆಯವರು. ಮಜ್ಜಿಗೆ ಮೆಣಸಿನಕಾಯಿ ತಂದಿದ್ದರು. ಅತ್ತೆ ಅವರೊಂದಿಗೆ ಯಾಕೋ ಬಿಗಿಯಾಗಿಯೇ ಇದ್ದರು, ಹೂಂ, ಹಾಂ, ಅಷ್ಟೇ. ಆಮೇಲೆ ವಿರೂಪಮ್ಮ ಅಡುಗೆ ಮನೆಗೆ ಬಂದು ಬಾಗಿಲಿಗೆ ಒರಗಿ ನಿಂತರು.

"ಅಲ್ಲಬೇ ಅರುಣಾ, ನಮ್ಮ ಮೊಮ್ಮಗಗ ಒಂದು ಪ್ಯಾಂಟು ತಂದಾರ. ನಿಮ್ದ ಮಾಲಂತ. ಅದರ ಹಿಂದ ಒಂದು ಮುದುಕಿ ಚಿತ್ರ ಐತಿ."

ನಾನು ಚಹಾ ಸೋಸುತ್ತಿದ್ದೆ.

"ಥೇಟ್ ನಿಮ್ಮತ್ತಿ ಮಾರಿ. ನಾನು ಗುಡಿ ಕಟ್ಟಿ ಮ್ಯಾಲೆ ಹಾಸ್ಯಕ್ಕ ಅಂದೆ, ಕೊಟ್ರಮ್ಮ, ನಿನ್ನ ಸೊಸಿ ನಿನ್ನನ್ನ ಹುಡುಗ್ರ ಕುಂಡಿ ಮ್ಯಾಲೆ ಕುಂದ್ರಿಸ್ಯಾಳ ಅಂತ. ಅಬ್ಬಾ, ಏನ್ ಸಿಟ್ಟು ಬಂತಬೇ ಆಕಿಗೆ! ಎಲ್ಲಾರ ಮುಂದ, ಬಸವಣ್ಣನ ಕಡಿ ಕೈ ಮಾಡಿ, ನನ್ನ ಸೊಸಿ ಅಂಥಾಕಿ ಅಲ್ಲ, ಕಣ್ಣು ಬರ್ಲಿ, ನಾನ ನೋಡಿ ಇದ ಕಟ್ಟಿ ಮ್ಯಾಲೆ ನಿಂತು ಹೇಳ್ತೀನಿ ಅಂದ್ಳು. ಅವತ್ತಿಂದ ನನ್ನ ಕೂಡ ಮಾತ ಬಿಟ್ಟಾಳ."

ಚಹಾ ಕೊಟ್ಟೆ. ಸಕ್ಕರೆ ಹಾಕಲು ಮರೆತಿದ್ದೆನಂತೆ.

ಜನವರಿ ೧೧, ಶನಿವಾರ

ಡ್ರಾಪ್ಸ್ ಹಾಕಿದೆ. ಅನ್ನ, ಸಾರು ಮಾಡಿದೆ. ಅವರು "ನನ್ನ ಸೊಸಿ" ಎಂದರಂತೆ. ನನ್ನ ಎದುರಿಗೆ ಒಂದು ದಿನವೂ ಅಂದವರಲ್ಲ. ನೆಲ ಸೀಳಿ ನುಂಗಬಾರದೇ ನನ್ನನ್ನು.

ಜನವರಿ ೧೨, ಭಾನುವಾರ

ಸಿರುಗುಪ್ಪಕ್ಕೆ ಹೋಗಿದ್ದೆ. ನಮ್ಮ ರೊಟ್ಟವ್ವನ ಪ್ಯಾಂಟುಗಳಲ್ಲಿ ಬಹುಪಾಲು ಹೋಗಿದ್ದು ಅಲ್ಲಿನ ಹಾಲಸಿದ್ದಪ್ಪ ಮಾಮನ ಅಂಗಡಿಗೆ. ಅವರು ನನ್ನ ಅಪ್ಪನ ಗೆಳೆಯರು, ಸಂಕ್ರಾಂತಿಗೆಂದು ಮಾಲು ತರಿಸಿದ್ದರು. ಪ್ರಿಂಟ್ ಏಳುತ್ತಿದೆ, ವಾಪಸ್ ತಂದು ಸರಿ ಮಾಡಬೇಕು ಎಂದು ಯಜಮಾನರಿಗೆ ಸುಳ್ಳು ಹೇಳಿದ್ದೆ. ಹಬ್ಬದ ಹೊತ್ತಿಗೇ ಮಾಲು ವಾಪಸ್ಸೇ ಎಂದು ಅವರು ಗೊಣಗಿದರು, ಆದರೆ ನಂಬಿದರು. ಅವರು ನನ್ನ ಮಾತು ಯಾವಾಗಲೂ ನಂಬುತ್ತಾರೆ. ಅದೊಂದು ಕಾಟ.

ಮಾಮ ಒಂದು ಪ್ಯಾಂಟು ತೆಗೆದು ಚಿತ್ರದ ಮೇಲೆ ಉಗುರಿನಿಂದ ಗಟ್ಟಿಯಾಗಿ ಕೆರೆದರು. ಒಂದು ಚೂರೂ ಏಳಲಿಲ್ಲ. ರಬ್ಬರಿನಂತೆ ಉಬ್ಬಿ ಕೂತಿರುವ ಪ್ರಿಂಟು, ಬಟ್ಟೆ ಹರಿದರೂ ಅದು ಹೋಗುವುದಿಲ್ಲ.

"ಎಲ್ಲಿ ಏಳಾಕತ್ತೈತಿ ಮಗಳ?"

ನಾನು ತಲೆ ತಗ್ಗಿಸಿದೆ.

"ನಿನಗ ಸುಳ್ಳು ಹೇಳಾಕ ಬರಂಗಿಲ್ಲ. ಒಯ್ಯಿ. ಯಾಕಂತ ನಾ ಕೇಳಂಗಿಲ್ಲ."

ಉಳಿದಿದ್ದನ್ನೆಲ್ಲ ಗಂಟು ಕಟ್ಟಿಕೊಟ್ಟರು. ಮಾರಿಹೋಗಿದ್ದು ಮಾರಿಹೋಯಿತು. ಬಸ್ ಸ್ಟ್ಯಾಂಡಿನಲ್ಲಿ ಒಂದು ಕೂಸು ಅದೇ ಪ್ಯಾಂಟು ಹಾಕಿಕೊಂಡು ನಿಂತು ಮಿರ್ಚಿ ತಿನ್ನುತ್ತಿತ್ತು. ತಿಂದ ಎಣ್ಣೆ ಕೈಯನ್ನು ಹಿಂದಿನ ಕಿಸೆಗೆ ಒರೆಸಿಕೊಂಡಿತು. ಆಮೇಲೆ ಹೋಗಿ ಕಲ್ಲುಬೆಂಚಿನ ಮೇಲೆ ಕೂತಿತು. ಬಸ್ಸು ಬರುವವರೆಗೂ ನಾನು ಬೇರೆ ಕಡೆ ಮುಖ ಮಾಡಿ ನಿಂತಿದ್ದೆ.

ಮನೆಗೆ ಬಂದಾಗ ಅತ್ತೆ, "ತವರಿಗೆ ಹೋಗಿ ಹಂಗ ಬಂದ್ಯಾ? ಒಂದು ದಿನ ಇದ್ದು ಬರಬಾರದಾ? ನಾನೇನ್ ಸಾಯ್ತಿದ್ನಾ?" ಎಂದರು. ಬೈದರೋ ಅಕ್ಕರೆಯೋ ಗೊತ್ತಾಗಲಿಲ್ಲ. ಗಂಟನ್ನು ಮಂಚದ ಕೆಳಗೆ ತಳ್ಳಿದೆ.

ಜನವರಿ ೧೪, ಮಂಗಳವಾರ

ಸಂಕ್ರಾಂತಿ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಆಗಲೇಬೇಕು. ಅತ್ತೆ ಒಲೆಯ ಹತ್ತಿರ ಬರುವಂತಿಲ್ಲ. ಅಡುಗೆ ಮನೆಯ ಹೊರಗೆ ಕುರ್ಚಿ ಹಾಕಿಸಿಕೊಂಡು, ಕಪ್ಪು ಕನ್ನಡಕ ಹಾಕಿಕೊಂಡು, ಸಪ್ಪಳದ ಮೇಲೇ ನಡೆಸಿದರು. "ಅಂಚು ದಪ್ಪ ಆತು. ತಟ್ಟು, ತಟ್ಟು, ನಡುವ ಬಿಡು, ಅಂಚಿಗೆ ತಟ್ಟು." ಮೊದಲನೆಯದನ್ನು ಕೈಗೆ ಕೊಟ್ಟೆ. ಸುತ್ತಲೂ ಬೆರಳಾಡಿಸಿದರು.

"ಆಂಧ್ರ ಅರ್ಧ ಆಗೈತವಾ. ತೆಲಂಗಾಣ ಕಳದು ಬಂದೈತಿ."

ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. ಮದುವೆಯಾಗಿ ಇಷ್ಟು ವರ್ಷಕ್ಕೆ ನಾವಿಬ್ಬರು ಒಂದೇ ಮಾತಿಗೆ ನಕ್ಕದ್ದು ಇದೇ ಮೊದಲಿರಬೇಕು.

ಆಗಲೇ ಯಜಮಾನರು ಒಳಗೆ ಬಂದರು. ಕಪ್ಪು ಕನ್ನಡಕ, ಎತ್ತಿ ಹಿಡಿದ ರೊಟ್ಟಿ, ಫ್ಯಾನಿನ ಗಾಳಿಗೆ ಹಾರುವ ಸೆರಗು. ಒಂದು ಗಳಿಗೆ ನೋಡಿ ಚಪ್ಪಾಳೆ ತಟ್ಟಿದರು.

"ಯವ್ವಾ, ನೀ ಥೇಟ್ ನಮ್ಮ ರೊಟ್ಟವ್ವ ಕಂಡಂಗ ಕಾಣ್ತೀ!"

"ಯಾವ ರೊಟ್ಟವ್ವ?"

"ಅರುಣಾ ಬರದಾಳ. ಪ್ಯಾಂಟಿನ ಮ್ಯಾಲೆ. ತಡಿ ತೋರಸ್ತೀನಿ."

ನನ್ನ ಕೈಯ ಹಿಟ್ಟು ಕೈಯಲ್ಲೇ ಒಣಗಿತು. ಅತ್ತೆ ರೊಟ್ಟಿಯನ್ನು ತಾಟಿನಲ್ಲಿಟ್ಟು, "ಈಗ ಬ್ಯಾಡಪಾ. ಕಣ್ಣು ಬರ್ಲಿ. ಚಂದಾಗಿ ಕಂಡ ಮ್ಯಾಲ ನೋಡ್ತೀನಿ," ಎಂದರು.

ಜನವರಿ ೧೬, ಗುರುವಾರ

ಕಿಸೆ ಬಿಚ್ಚುವ ಕೆಲಸ. ಯೂನಿಟ್ಟಿಗೆ ಕೊಟ್ಟರೆ ಹತ್ತು ಪ್ರಶ್ನೆ ಬರುತ್ತವೆ, ಮನೆಯಲ್ಲೇ ಕೂತೆ. ಜೋಡಿ ಹೊಲಿಗೆ, ಬ್ಲೇಡಿನಿಂದ ಕೊಯ್ದು ದಾರ ಎಳೆಯಬೇಕು. ವಾಷಿಂಗ್ ಆದ ಪ್ಯಾಂಟು ತೆಳು ನೀಲಿ, ಆದರೆ ಕಿಸೆ ಕಿತ್ತ ಜಾಗ ಮಾತ್ರ ಕಡುನೀಲಿಯಾಗಿ ಉಳಿಯುತ್ತದೆ. ಅಲ್ಲೇನೋ ಇತ್ತೆಂದು ಕುರುಡರಿಗೂ ಗೊತ್ತಾಗಬೇಕು. ಅದೇ ಜಾಗಕ್ಕೆ ಅಷ್ಟೇ ಅಳತೆಯ ಬರಿ ಕಿಸೆ ಹಚ್ಚಿಸಬೇಕು.

ಮಧ್ಯಾಹ್ನ ಅತ್ತೆ ಗೋಡೆ ಹಿಡಿದುಕೊಂಡು ಬಂದು ಪಕ್ಕದ ಮಂಚದ ಮೇಲೆ ಕೂತರು. "ಚರ್ ಚರ್ ಅಂತ ಏನ್ ಹರೀತಿ?"

"ಕಿಸೆ ಬಿಚ್ಚಾಕತ್ತೀನ್ರಿ ಅತ್ತಿ. ಪ್ರಿಂಟ್ ಸರಿ ಬಂದಿಲ್ಲ."

"ಕೊಡಿಲ್ಲಿ, ದಾರ ನಾ ಎಳೀತೀನಿ. ಕಣ್ಣು ಮುಚ್ಚಿಕೊಂಡ ಮಾಡ್ತೀನಿ, ಹೆದರಬ್ಯಾಡ. ಸುಮ್ಮ ಕುಂತು ಕುಂತು ಮೈ ಜಡ್ಡು ಹಿಡದೈತಿ."

ಬೇಡವೆಂದೆ. ಕೇಳುವವರೇ ಅಲ್ಲ. ನಾನು ಹೊಲಿಗೆ ಕೊಯ್ದು ಕೊಟ್ಟೆ, ಅವರು ದಾರ ಎಳೆದು ಕಿಸೆ ಬಿಡಿಸಿದರು. ತಮ್ಮದೇ ಮುಖವನ್ನು ತಾವೇ ಕೀಳುತ್ತಿದ್ದರು. ನಾನು ಎದುರಿಗೆ ಕೂತು ಅದನ್ನು ಮಾಡಿಸುತ್ತಿದ್ದೆ. ಇದಕ್ಕಿಂತ ಕೀಳು ಕೆಲಸ ನಾನು ಈ ಜನ್ಮದಲ್ಲಿ ಮಾಡಿರಲಿಕ್ಕಿಲ್ಲ.

ಒಂದು ಕಿಸೆಯ ಮೇಲೆ ಅವರ ಬೆರಳು ನಿಂತಿತು. ಉಬ್ಬಿದ ಪ್ರಿಂಟಿನ ಮೇಲೆ ನಿಧಾನವಾಗಿ ಹರಿದಾಡಿತು.

"ಏನ್ ಚಿತ್ರ ಇದು?"

"ಮೆಣಸಿನಕಾಯಿರಿ."

"ಇದು ಗುಂಡಗ ಐತಲ್ಲ. ದಾರ ಬ್ಯಾರೆ ಐತಿ ಇದಕ್ಕ."

"ಬಟನ್‌ರಿ ಅತ್ತಿ. ಅಂಗಿ ಬಟನ್."

ಅವರ ಇನ್ನೊಂದು ಕೈ ಕೊರಳ ಹತ್ತಿರ ಹೋಗಿ ಬಂತು. ಸೆಕೆ ಇರಬೇಕು. ಮತ್ತೆ ದಾರ ಎಳೆಯತೊಡಗಿದರು. ಅಲ್ಲಿಯವರೆಗೆ ಬಿಚ್ಚಿದ ಕಿಸೆಗಳನ್ನು ನೆಲದ ಮೇಲೆ ಬಿಸಾಡುತ್ತಿದ್ದವರು ಆಮೇಲೆ ಒಂದೊಂದನ್ನೇ ತೊಡೆಯ ಮೇಲೆ, ಸೆರಗಿನಲ್ಲಿ ಹಾಕಿಕೊಂಡರು. ನೆಲದ ಮೇಲಿದ್ದವನ್ನೂ ಎತ್ತಿ ಕೊಡು ಎಂದರು. ನೆಲ ಗಲೀಜಾಗುತ್ತದೆಂದೋ ಏನೋ, ಈ ವಯಸ್ಸಿನಲ್ಲೂ ಅದೇ ಶಿಸ್ತು. ಸಂಜೆಯ ಹೊತ್ತಿಗೆ ಗಂಟು ಖಾಲಿಯಾಯಿತು.

ಜನವರಿ ೧೯, ಭಾನುವಾರ

ಕಣ್ಣು ತಿಳಿಯಾಗುತ್ತಿದೆ. ಮೊನ್ನೆ ಕಿಟಕಿಯ ಸರಳು ಕಂಡವು. ಇವತ್ತು ಕ್ಯಾಲೆಂಡರಿನ ದೊಡ್ಡ ಅಂಕಿ ಓದಿದರು. ನನಗೆ ಖುಷಿಯಾಗಬೇಕು. ಖುಷಿಯೂ ಆಯಿತು, ಸುಳ್ಳೇಕೆ ಹೇಳಲಿ. ಡ್ರಾಪ್ಸ್ ಹಾಕಲು ಬಗ್ಗಿದಾಗ ನನ್ನ ಮುಖವನ್ನೇ ನೋಡಿದರು.

"ಇಷ್ಟ್ಯಾಕ ಸೊರಗೀಯವಾ? ನನಗ ಕಾಣ್ತಿದ್ದಿಲ್ಲ."

ಬಾಟಲಿಯ ಮುಚ್ಚಳ ಕೈಯಿಂದ ಜಾರಿ ಎಲ್ಲೋ ಉರುಳಿಹೋಯಿತು. ಅದನ್ನು ಹುಡುಕುವ ನೆವದಲ್ಲಿ ಮಂಚದ ಕೆಳಗೆ ಬಗ್ಗಿ ಸ್ವಲ್ಪ ಕಣ್ಣೀರು ಹಾಕಿದೆ.

ಬಿಚ್ಚಿದ ಕಿಸೆಗಳು ಕಾಣಲಿಲ್ಲ. ಕಸದವರು ಒಯ್ದಿರಬೇಕು. ಒಳ್ಳೆಯದೇ ಆಯಿತು.

ಜನವರಿ ೨೩, ಗುರುವಾರ

ಡಾಕ್ಟರು ನೋಡಿದರು. ದೃಷ್ಟಿ ಚೆನ್ನಾಗಿ ಬಂದಿದೆ, ಭಾನುವಾರ ಊರಿಗೆ ಹೋಗಬಹುದು ಎಂದರು.

ಮನೆಗೆ ಬಂದು ಇನ್ನೂ ಚಪ್ಪಲಿ ಬಿಟ್ಟಿಲ್ಲ, ಯಜಮಾನರು ಯೂನಿಟ್ಟಿನಿಂದ ಒಂದು ಪ್ಯಾಂಟು ಹಿಡಿದು ಬಂದರು. ಸ್ಯಾಂಪಲ್ಲಿಗೆಂದು ಇಟ್ಟುಕೊಂಡಿದ್ದಂತೆ, ನನಗೆ ಗೊತ್ತೇ ಇರಲಿಲ್ಲ. "ನೋಡು ಯವ್ವಾ, ಈಕಿನ ನಮ್ಮ ರೊಟ್ಟವ್ವ!" ಎಂದು ತಾಯಿಯ ಕೈಗೆ ಕೊಟ್ಟರು. ಅಷ್ಟರಲ್ಲಿ ಫೋನು ಬಂತು, ಮಾತಾಡುತ್ತ ಹೊರಗೆ ಹೋದರು.

ಅವ್ವ, ಅತ್ತೆ ಎಂದು ಬರೆಯಲು ಇವತ್ತು ಕೈ ಬರುತ್ತಿಲ್ಲ, ಕಪ್ಪು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. ಪ್ಯಾಂಟನ್ನು ಕಿಟಕಿಯ ಬೆಳಕಿಗೆ ಹಿಡಿದರು. ನಾನು ಬಾಗಿಲ ಹತ್ತಿರವೇ ನಿಂತಿದ್ದೆ. ಮೂಗು ನೋಡಿದರು, ಮೂಗುಬೊಟ್ಟು ನೋಡಿದರು, ರೊಟ್ಟಿ ನೋಡಿದರು. ಬೈಯಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಜೋರಾಗಿ, ಓಣಿಗೆಲ್ಲ ಕೇಳುವಂತೆ ಬೈಯಲಿ.

"ಮಾರಿ ಬಂದ್ರ ಬರ್ಲಿ," ಎಂದರು ಕೊನೆಗೆ, ಮೆಲ್ಲಗೆ. "ಮಾರಿಗೇನು, ನಾಳೆ ಮಣ್ಣಾಗ ಹೋಗೂದು. ಕೊರಳಾಗಿಂದು ಕುಂದ್ರೂ ಜಾಗಕ್ಕ ಬರಬಾರದಿತ್ತವಾ."

ಅತ್ತಿ ಎನ್ನುತ್ತ ಎರಡು ಹೆಜ್ಜೆ ಒಳಗೆ ಬಂದೆ.

"ಅವತ್ತ ಬೆರಳಿಗೆ ತಿಳದಿತ್ತು. ಬಿಚ್ಚಿದ ಕಿಸೆ ಎಲ್ಲಾ ಅರಿವಿಯಾಗ ಕಟ್ಟಿ ದೇವರ ಗೂಡಿನ ಮ್ಯಾಲೆ ಇಟ್ಟೀನಿ. ಕಸಕ್ಕ ಹಾಕಬ್ಯಾಡ, ಕಾಲಾಗ ಬರ್ತಾವ. ನಿಮ್ಮೂರಿಗೆ ಹೋದಾಗ ಹೊಲದಾಗ ಆಳಕ್ಕ ತಗ್ಗು ತೆಗದು ಮುಚ್ಚಿ ಬಾ." ಪ್ಯಾಂಟನ್ನು ಮಡಿಚಿ, ಕಿಸೆ ಮೇಲೆ ಬರುವ ಹಾಗೆ ನನ್ನ ಕೈಗೆ ಕೊಟ್ಟರು. "ಇದನ್ನೂ ಬಿಚ್ಚು. ಡ್ರಾಪ್ಸ್ ಹೊತ್ತಾತು ನೋಡು."

ಡ್ರಾಪ್ಸ್ ಹಾಕಿದೆ. ಎರಡು ಹನಿ ಗುರಿ ತಪ್ಪಿ ಕೆನ್ನೆಯ ಮೇಲೆ ಬಿದ್ದವು. ಅವರೇ ಒರೆಸಿಕೊಂಡರು.

ಯಜಮಾನರು ಒಳಗೆ ಬಂದು, "ಹೆಂಗೈತಿ ಯವ್ವಾ?" ಎಂದರು. "ಮೂಗು ಒಂದೀಟು ದೊಡ್ಡದಾತು," ಎಂದರು ಅವ್ವ. ಯಜಮಾನರಿಗೆ ಆಗಲೂ ತಿಳಿಯಲಿಲ್ಲ.

ಜನವರಿ ೨೬, ಭಾನುವಾರ, ಕುರುಗೋಡು

ಅವ್ವನನ್ನು ಬಿಡಲು ನಾನೇ ಬಂದೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಗುಡಿ ಕಟ್ಟೆಯ ಮೇಲೆ ನಿಂತು ಹೇಳುತ್ತೇನೆ ಎಂದಿದ್ದಾರಲ್ಲ. ಅವ್ವ ಸುಳ್ಳು ಹೇಳುವವರಲ್ಲ. ನನ್ನ ರೊಟ್ಟಿಯ ವಿಷಯದಲ್ಲೇ ಬೀಗರ ಮುಂದೆ ಸುಳ್ಳು ಹೇಳದವರು ಇದರಲ್ಲಿ ಹೇಳುತ್ತಾರೆಯೇ? ಹೇಳಲಿ, ನಿಜವನ್ನೇ ಹೇಳಲಿ, ನಾನು ಅಲ್ಲೇ ಎದುರಿಗೆ ನಿಂತು ಕೇಳಿಸಿಕೊಳ್ಳುತ್ತೇನೆ ಎಂದು ಗಟ್ಟಿ ಮಾಡಿಕೊಂಡೆ. ಬೆಳಿಗ್ಗೆ ಹೊರಡುವಾಗ ಗೂಡಿನಲ್ಲಿದ್ದ ನನ್ನ ಕರಡಿಗೆಯನ್ನೂ ಕೊರಳಿಗೆ ಹಾಕಿಕೊಂಡಿದ್ದೆ. ಯಾಕೆಂದು ನನಗೇ ಗೊತ್ತಿಲ್ಲ. ಧೈರ್ಯಕ್ಕಿರಬೇಕು.

ದೊಡ್ಡಬಸವಣ್ಣನ ಗುಡಿಯ ಮುಂದೆ ಆಟೋ ಇಳಿದೆವು. ಮೊದಲು ಕೈಮುಗಿದೇ ಮನೆಗೆ ಎಂದರು ಅವ್ವ. ಕಟ್ಟೆಯ ಮೇಲೆ ಓಣಿಯ ಹೆಂಗಸರು ಕೂತಿದ್ದರು, ನಡುವೆ ವಿರೂಪಮ್ಮ. ಎಲ್ಲರೂ ಕಣ್ಣು ಹೇಗಿದೆ, ಎಷ್ಟು ಕಾಣುತ್ತದೆ ಎಂದು ವಿಚಾರಿಸಿದರು. ವಿರೂಪಮ್ಮ ಕಾದಿದ್ದು ಕೇಳಿಯೇಬಿಟ್ಟರು.

"ಏನ ಕೊಟ್ರಮ್ಮ, ನೋಡಿ ಹೇಳ್ತೀನಿ ಅಂದಿದ್ದಿ. ನೋಡಿದೇನು?"

ಎಲ್ಲರೂ ನನ್ನ ಕಡೆ ನೋಡಿದರು. ನಾನೇ ಹೇಳಿಬಿಡಬೇಕೆಂದು ಒಂದು ಹೆಜ್ಜೆ ಮುಂದೆ ಬಂದೆ. ಅವ್ವ ನನ್ನ ಮುಂಗೈ ಹಿಡಿದು ಹಿಂದಕ್ಕೆ ಸರಿಸಿದರು. ಇನ್ನೊಂದು ಕೈಯಿಂದ ಸೆರಗು ಎಳೆದುಕೊಂಡು, ಎದೆಯ ಮೇಲಿನ ಕರಡಿಗೆಯನ್ನು ಪೂರ್ತಿ ಮುಚ್ಚಿಕೊಂಡರು.

"ನೋಡಿದೆ. ಹೊಸ ಕಣ್ಣಿಲೆ, ಬೆಳಕಿಗೆ ಹಿಡದು ನೋಡೀನಿ. ನನ್ನ ಮಾರಿ ಅಲ್ಲ ಅದು, ಯಾರ್ದೋ ಐತಿ. ನನ್ನ ಸೊಸಿ ಅಂಥಾಕಿ ಅಲ್ಲ."

ವಿರೂಪಮ್ಮ ಸರಿದು ಕಟ್ಟೆಯ ಮೇಲೆ ಅವ್ವನಿಗೆ ಜಾಗ ಮಾಡಿದರು. ಇನ್ನೊಬ್ಬರು ಮಜ್ಜಿಗೆ ಕುಡಿದು ಹೋಗಿ ಎಂದರು. ಅವ್ವ ಬೇಡವೆಂದರು. ಬಸವಣ್ಣನ ಹತ್ತಿರವೂ ಹೋಗಲಿಲ್ಲ. ಕೈಮುಗಿಯಲೆಂದೇ ಇಳಿದವರು ನೇರ ಮನೆಯ ಕಡೆ ನಡೆದರು. ಚೀಲ ಹಿಡಿದುಕೊಂಡು ನಾನು ಹಿಂದೆ ಹೋದೆ. ಬಾಗಿಲ ಬೀಗ ತೆಗೆಯುವವರೆಗೂ ಅವರು ಎದೆಯ ಮೇಲಿನ ಸೆರಗು ಬಿಡಲಿಲ್ಲ.

ಒಳಗೆ ಬಂದವರೇ ಕೈಕಾಲು ತೊಳೆದು, ಹೊತ್ತಲ್ಲದ ಹೊತ್ತಿನಲ್ಲಿ ಪೂಜೆಗೆ ಕೂತರು. ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ತಲೆ ಬಗ್ಗಿಸಿದವರು ಇನ್ನೂ ಎದ್ದಿಲ್ಲ. ನಾನು ಹಿಟ್ಟು ನಾದಿ ಇಟ್ಟುಕೊಂಡು ಅಡುಗೆ ಮನೆಯಲ್ಲಿ ಕಾಯುತ್ತ ಕೂತಿದ್ದೇನೆ.